‘ಬಿಡು’ ಪದದ ಇಂಗ್ಲಿಷ್ ಅರ್ಥ

ಹೋದ ತಿಂಗಳು, ಈಗ ನಾವಿರುವ ನ್ಯೂಯಾರ್ಕಿನ ಬೆಲ್‌ರೋಸಿನ ಹಿಲ್‌ಸೈಡ್ ಅವೆನ್ಯೂದ ಅಂಗಡಿಯೊಂದರಲ್ಲಿ ಮೆಂತ್ಯದ ಸೊಪ್ಪು ಆರಿಸುತ್ತ ನಿಂತಿದ್ದೆ. ಗುರುತಿನವರ ಮಗಳೊಬ್ಬಳು ಪಕ್ಕಕ್ಕೆ ಬಂದು ದನಿ ತಗ್ಗಿಸಿ, "ಆಂಟಿ, ನಾನು ಡೀಲರ್ ಸ್ಕೂಲ್ ಜಾಯಿನ್ ಆಗಿದೀನಿ. ಮನೇಲಿ ಇನ್ನೂ ಹೇಳಿಲ್ಲ. ನೀವು ಪೋಕರ್ ರೂಮಲ್ಲಿ ಇದ್ರಂತೆ, ಏನಾದ್ರೂ ಟಿಪ್ಸ್ ಇದ್ರೆ ಹೇಳಿ" ಎಂದಳು. ನಾನು ಸೊಪ್ಪಿನ ಕಟ್ಟು ಹಿಡಿದುಕೊಂಡೇ, "ಒಳ್ಳೆ ಶೂ ತಗೋ, ಬೆನ್ನು ನೆಟ್ಟಗಿಟ್ಟುಕೋ" ಎಂದು ಹೇಳಿ ಕಳಿಸಿದೆ. ಮನೆಗೆ ಬಂದ ಮೇಲೆ ನಾಚಿಕೆಯಾಯಿತು. ಇಪ್ಪತ್ತಾರು ವರ್ಷ ಮಾಡಿದ ಕೆಲಸದ ಬಗ್ಗೆ ಒಬ್ಬ ಹುಡುಗಿ ಕೇಳಿದರೆ ಚಪ್ಪಲಿ ಅಂಗಡಿಯವಳ ಹಾಗೆ ಮಾತಾಡಿದೆನಲ್ಲ ಎನಿಸಿತು. ಅವಳಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ, ಅವಳಂಥವರು ಇನ್ನೂ ಇದ್ದರೆ ಅವರಿಗೂ ಆಯಿತು.

ನನ್ನ ಹೆಸರು ಗಿರಿಜಾ, ಊರು ಬಾಗಲಕೋಟೆ. ಊರಿನಲ್ಲಿ ಹೈಸ್ಕೂಲು ಮಕ್ಕಳಿಗೆ ಗಣಿತ ಕಲಿಸುತ್ತಿದ್ದೆ. ನಮ್ಮ ಯಜಮಾನರಿಗೆ ದಕ್ಷಿಣ ನ್ಯೂಜೆರ್ಸಿಯ ವಿದ್ಯುತ್ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿದ್ದರಿಂದ ಇಲ್ಲಿಗೆ ಬಂದೆವು. ಗ್ರೀನ್ ಕಾರ್ಡ್ ಕೈಗೆ ಬಂದ ವಾರವೇ ಶಾಲೆಗಳಿಗೆ ಅಲೆಯಲು ಶುರುಮಾಡಿದೆ. ಅವರು ನನ್ನ ಬಿ.ಎಡ್. ಸರ್ಟಿಫಿಕೇಟನ್ನು ಗುರುತಿಲ್ಲದವರ ಮದುವೆ ಕಾಗದದ ಹಾಗೆ ತಿರುಗಿಸಿ ನೋಡಿ ವಾಪಸ್ ಕೊಟ್ಟರು. ಆಗ ಸ್ಥಳೀಯ ಪತ್ರಿಕೆಯಲ್ಲಿ ಜಾಹೀರಾತೊಂದು ಕಂಡಿತು. ಲೆಕ್ಕ ಚೆನ್ನಾಗಿ ಬರಬೇಕು, ಕೈ ಚುರುಕಿರಬೇಕು, ಎಂಟು ವಾರದ ತರಬೇತಿ. ಎರಡೂ ನನ್ನಲ್ಲಿದ್ದವು. ಹಾಗೆ ಅಟ್ಲಾಂಟಿಕ್ ಸಿಟಿಯ ಒಂದು ಕ್ಯಾಸಿನೋದ ಪೋಕರ್ ಹಾಲಿಗೆ ಡೀಲರ್ ಆಗಿ ಸೇರಿದೆ. ಕನ್ನಡ ಕೂಟದಲ್ಲಿ ಕೇಳಿದವರಿಗೆ "ಹಾಸ್ಪಿಟಾಲಿಟಿ" ಎನ್ನುತ್ತಿದ್ದೆ. ಬಹಳ ವರ್ಷ ಅವರೆಲ್ಲ ನಾನು ಹೋಟೆಲಿನ ಮುಂಗಟ್ಟೆಯಲ್ಲಿ ಬೀಗದ ಕೈ ಕೊಡುವವಳೆಂದೇ ತಿಳಿದಿದ್ದರು. ಒಬ್ಬಾಕೆಯಂತೂ ರೂಮಿಗೆ ಡಿಸ್ಕೌಂಟ್ ಕೊಡಿಸಿ ಎಂದು ಮೂರು ಸಲ ಫೋನ್ ಮಾಡಿದ್ದರು.

ಗೊತ್ತಿಲ್ಲದವರಿಗೆ ಇಷ್ಟು ಸಾಕು. ಪೋಕರ್ ಎಂದರೆ ಇಸ್ಪೀಟಿನ ಒಂದು ಆಟ. ಡೀಲರ್ ಆಡುವುದಿಲ್ಲ, ಎಲೆ ಹಂಚಿ ಆಡಿಸುತ್ತಾಳೆ. ಪ್ರತಿಯೊಬ್ಬರಿಗೂ ಎರಡು ಗುಟ್ಟಿನ ಎಲೆ, ಮೇಜಿನ ನಡುವೆ ಎಲ್ಲರಿಗೂ ಸೇರಿದ ಐದು ಎಲೆ. ಹಣದ ಬದಲು ಚಿಪ್ಸ್ ಎಂಬ ದುಂಡು ಬಿಲ್ಲೆಗಳನ್ನು ಪಣಕ್ಕಿಡುತ್ತಾರೆ. ದೊಡ್ಡ ಎಲೆ ಇದ್ದವರು ಗೆಲ್ಲಬಹುದು, ದೊಡ್ಡದಿದೆ ಎಂದು ನಂಬಿಸಿದವರೂ ಗೆಲ್ಲಬಹುದು. ನಂಬಿ ಹೆದರಿದವರು ತಮ್ಮ ಎಲೆಯನ್ನು ಮುಂದಕ್ಕೆ ಸರಿಸಿಬಿಡುತ್ತಾರೆ. ಒಮ್ಮೆ ಸರಿಸಿದ ಎಲೆಯನ್ನು ಮತ್ತೆ ಮುಟ್ಟುವ ಹಾಗಿಲ್ಲ.

ನನಗೆ ಕೆಲಸ ಕಲಿಸಿದವರು ಡೋಲೊರೆಸ್, ಆ ಹಾಲಿನ ಹಿರಿಯ ಡೀಲರ್. ಎಲೆಯನ್ನು ಹಾರಿಸಬಾರದು, ಜಾರಿಸಬೇಕು ಎಂದು ಅವರು ನನ್ನ ಮಣಿಕಟ್ಟು ಹಿಡಿದು ಒಂದು ವಾರ ತಿದ್ದಿದರು. ಆ ಋಣ ದೊಡ್ಡದು. ಜೊತೆಗೆ ಒಂದು ನಿಯಮವನ್ನು ದಿನಾ ಬೆಳಿಗ್ಗೆ ಹೇಳುತ್ತಿದ್ದರು: ಆಟ ನಡೆಯುವಾಗ ಮೇಜಿನಲ್ಲಿ ಇಂಗ್ಲಿಷ್ ಒಂದನ್ನೇ ಆಡಬೇಕು. ಬೇರೆ ಭಾಷೆ ಬಂದರೆ ಇಬ್ಬರು ತಮ್ಮ ಎಲೆಗಳ ಗುಟ್ಟು ಹಂಚಿಕೊಳ್ಳುತ್ತಿದ್ದಾರೆ ಎಂಬ ಅನುಮಾನ ಬರುತ್ತದೆ. ಮೊದಲ ವಾರವೇ ನಾನು ಎಲೆ ಹರಡುವಾಗ ಅಭ್ಯಾಸಬಲದಿಂದ "ಒಂದು, ಎರಡು, ಮೂರು" ಎಂದು ಎಣಿಸಿ ಬೈಸಿಕೊಂಡಿದ್ದೆ.

ನಮ್ಮ ಪಾಳಿಯ ಮೇಲಧಿಕಾರಿ ರೇ. ದೊಡ್ಡ ಹೊಟ್ಟೆ, ಸಣ್ಣ ದನಿ, ಬಾಯಲ್ಲಿ ಸದಾ ಒಂದು ಹಲ್ಲುಕಡ್ಡಿ. ಮೇಜಿನಲ್ಲಿ ತಕರಾರು ಬಂದರೆ ಡೀಲರ್ ಕೈಯೆತ್ತಿ "ಫ್ಲೋರ್" ಎಂದು ಕೂಗಬೇಕು, ಆಗ ರೇ ಬಂದು ತೀರ್ಪು ಕೊಡುತ್ತಿದ್ದರು. ಸೇರಿದ ಹೊಸದರಲ್ಲಿ ಒಬ್ಬ ಗಂಡಸು ಪಕ್ಕದ ಹೆಂಗಸಿಗೆ ಬಾಯಿಗೆ ಬಂದದ್ದು ಅನ್ನುತ್ತಿದ್ದಾಗ ನಾನು ಕೈಯೆತ್ತಿದೆ. ರೇ ಬಂದು ನಿಧಾನವಾಗಿ ಕೇಳಿದರು.

"ಕಾರ್ಡ್ ಏನಾದ್ರೂ ಹರಿದಿದೆಯಾ?"

"ಇಲ್ಲ."

"ಚಿಪ್ಸ್ ಎಲ್ಲಾ ಇದ್ದ ಜಾಗದಲ್ಲೇ ಇದಾವಾ?"

"ಇದಾವೆ."

"ಮತ್ಯಾಕೆ ಕರೆದೆ?" ಎಂದು ಹೊರಟುಹೋದರು. ಆ ಮೇಲೆ ಅಂಥದ್ದಕ್ಕೆ ನಾನು ಕೈಯೆತ್ತಲಿಲ್ಲ.

ಹೀಗೆಂದು ರೇ ಕೆಟ್ಟವರೆಂದುಕೊಳ್ಳಬೇಡ. ಒಂದು ವರ್ಷ ಹೆಂಗಸರ ಟೂರ್ನಮೆಂಟಿಗೆ ತಮಾಷೆಗೆಂದು ಒಬ್ಬ ಗಂಡಸು ಹೂವಿನ ಲಂಗ ಹಾಕಿಕೊಂಡು ಬಂದ. ಕಾನೂನಿನ ಪ್ರಕಾರ ಗಂಡಸರನ್ನು ಹೊರಗಿಡುವ ಹಾಗಿರಲಿಲ್ಲ, ಹಾಗಾಗಿ ಕುಳಿತ. ನಾನು ಮುಖದಲ್ಲಿ ಒಂದು ಗೆರೆಯೂ ಅಲುಗದ ಹಾಗೆ ದಿನವಿಡೀ ಅವನನ್ನು "ಮ್ಯಾಡಮ್" ಎಂದು ಕರೆದೆ. ಮ್ಯಾಡಮ್ ನಿಮ್ಮ ಸರದಿ, ಮ್ಯಾಡಮ್ ನಿಮ್ಮ ಎಲೆ. ಹೆಂಗಸರು ತುಟಿ ಕಚ್ಚಿಕೊಂಡು ಕುಳಿತಿದ್ದರು. ಮಧ್ಯಾಹ್ನದ ಹೊತ್ತಿಗೆ ಅವನು ಕೆಂಪಾಗಿ ರೇ ಹತ್ತಿರ ದೂರು ಕೊಟ್ಟ. ರೇ ಲಂಗವನ್ನೊಮ್ಮೆ ನೋಡಿ, "ಲೇಡೀಸ್ ಇವೆಂಟ್ ಅಲ್ವಾ? ಸರಿಯಾಗೇ ಕರೆದಿದ್ದಾಳೆ" ಎಂದರು. ಆ ದಿನ ಅವರಿಗೆ ಮನೆಯಿಂದ ತಂದಿದ್ದ ಶೇಂಗಾ ಹೋಳಿಗೆ ಪೂರ್ತಿ ಕೊಟ್ಟೆ.

ಮರಿಯನ್ ಎಂಬ ಹೆಂಗಸನ್ನೂ ನೆನೆಯಬೇಕು. ಪ್ಯಾಟರ್ಸನ್ನಿನಲ್ಲಿ ಶಾಲಾ ಬಸ್ ಓಡಿಸಿ ನಿವೃತ್ತರಾದವರು. ಹೆಂಗಸರು ಆಟದಲ್ಲಿ ಸುಳ್ಳು ಹೇಳುವುದಿಲ್ಲ, ಅವರು ಚಿಪ್ಸ್ ಮುಂದಿಟ್ಟರೆ ದೊಡ್ಡ ಎಲೆ ಇದೆಯೆಂದೇ ಅರ್ಥ ಎಂದು ಆ ಹಾಲಿನ ಗಂಡಸರಿಗೆ ಗಟ್ಟಿ ನಂಬಿಕೆ. ಮರಿಯನ್ ಕೈಯಲ್ಲಿ ಏನೂ ಇಲ್ಲದೆ ಅವರನ್ನು ಓಡಿಸುತ್ತಿದ್ದರು. "ಅವರು ನನ್ನ ಮುಖ ನೋಡಲ್ಲ ಗಿರಿಜಾ, ನನ್ನಲ್ಲಿ ಅವರಮ್ಮನ್ನ ನೋಡ್ತಾರೆ. ಅಮ್ಮ ಸುಳ್ಳು ಹೇಳ್ತಾಳಾ?" ಎಂದು ಒಮ್ಮೆ ಕಣ್ಣು ಹೊಡೆದರು. ಆದರೆ ಅವರು ಗೆದ್ದ ದಿನ ಗಂಡಸರು ಅದೃಷ್ಟ ಎನ್ನುತ್ತಿದ್ದರು, ಸೋತ ದಿನ ಹೆಂಗಸು ತಾನೇ ಎನ್ನುತ್ತಿದ್ದರು. ಚೆನ್ನಾಗಿ ಆಡಿದರು ಎಂದಾಗಲಿ ಕೆಟ್ಟದಾಗಿ ಆಡಿದರು ಎಂದಾಗಲಿ ಯಾರೂ ಅಂದದ್ದನ್ನು ನಾನು ಕೇಳಲಿಲ್ಲ.

ಕೆಲಸದ ರೀತಿ ಬಹಳ ಬದಲಾಯಿತು. ನಾನು ಸೇರಿದಾಗ ಎಲೆಗಳನ್ನು ಕೈಯಲ್ಲೇ ಕಲಸುತ್ತಿದ್ದೆವು, ಆಮೇಲೆ ಮೇಜಿನೊಳಗೆ ಯಂತ್ರ ಬಂತು. ಸೀಮೆಸುಣ್ಣದ ಹಲಗೆಯ ಮೇಲಿದ್ದ, ಆಡಲು ಕಾಯುವವರ ಹೆಸರುಗಳು ಫೋನಿನೊಳಗೆ ಹೋದವು. ಸಿಗರೇಟಿನ ಹೊಗೆ ಹೋಯಿತು, ಕೆಲಸದಿಂದ ಬಂದಾಗ ಆ ವಾಸನೆ ಸೀರೆಗಳಿಗೆ ಅಂಟೀತೆಂದು ಹೆದರಿ ಬೀರುವಿನ ಹತ್ತಿರವೇ ಹೋಗದಿದ್ದ ನನಗೆ ಅದೇ ದೊಡ್ಡ ಉಪಕಾರ. ಬಡ್ತಿಯೂ ಬಂದಿತ್ತು. ಒಂದು ವರ್ಷ ಸೂಟು ಹಾಕಿಕೊಂಡು ತಿರುಗಿ, ಬೇಸರವಾಗಿ, ಮತ್ತೆ ಎಲೆ ಹಂಚಲು ಬಂದು ಕುಳಿತೆ. ಗಂಡಸರ ಮಾತು ಮಾತ್ರ ಎಲ್ಲಿತ್ತೋ ಅಲ್ಲೇ ಇತ್ತು. ನಾನೂ ಕಿವಿ ಮುಚ್ಚಿಕೊಂಡು ಹಂಚುವುದನ್ನು ಚೆನ್ನಾಗಿ ಕಲಿತಿದ್ದೆ, ಅದನ್ನೇ ಜಾಣತನ ಎಂದುಕೊಂಡಿದ್ದೆ.

ಈಗ ಅನಘಾ ವಿಷಯ. ನಮ್ಮ ಎದೆಯ ಮೇಲಿನ ಬಿಲ್ಲೆಯಲ್ಲಿ ಹೆಸರಿನ ಕೆಳಗೆ ಹುಟ್ಟೂರನ್ನೂ ಬರೆದಿರುತ್ತಾರೆ. ಒಂದು ದಿನ ಆಟಕ್ಕೆ ಮೊದಲು ಕುಳಿತ ಹುಡುಗಿಯೊಬ್ಬಳು ಅದನ್ನು ಓದಿ ಕಣ್ಣರಳಿಸಿದಳು.

"ನೀವು ಬಾಗಲಕೋಟೆನಾ? ನಮ್ಮ ಅಜ್ಜಿ ಇಳಕಲ್. ಐ ಕಾಂಟ್ ಬಿಲೀವ್ ದಿಸ್."

ಹಿಕ್ಸ್‌ವಿಲ್‌ನಲ್ಲಿ ಹುಟ್ಟಿ ಬೆಳೆದವಳು, ಈಗ ಹೋಬೋಕನ್‌ನಲ್ಲಿ ಬಾಡಿಗೆ ಮನೆ, ಮ್ಯಾನ್‌ಹಟನ್‌ನಲ್ಲಿ ವಿಮಾ ಕಂಪನಿಯ ಲೆಕ್ಕದ ಕೆಲಸ. ರಜೆ ಹಾಕಿ ಬಸ್ಸಿನಲ್ಲಿ ಬಂದು ಟೂರ್ನಮೆಂಟ್ ಆಡುತ್ತಿದ್ದಳು. "ಅಪ್ಪಂಗೆ ಗೊತ್ತು. ಅಮ್ಮಂಗೆ ಕಾನ್ಫರೆನ್ಸ್ ಅಂತ ಹೇಳ್ತೀನಿ" ಎಂದಳು. ಅವಳ ಕನ್ನಡ ಅಡುಗೆಮನೆಯ ಕನ್ನಡ. ಆದರೆ ಅವಳ ಆಟ ನೋಡಿದಾಗ ನನ್ನೊಳಗಿನ ಗಣಿತದ ಮೇಡಮ್ ಎದ್ದು ಕುಳಿತಳು. ಎಷ್ಟು ಸಾಧ್ಯತೆ, ಎಷ್ಟು ಅಪಾಯ ಎಂದು ಅಳೆದು ಆಡುತ್ತಿದ್ದಳು. ದೊಡ್ಡ ಟೂರ್ನಮೆಂಟ್ ಒಂದರಲ್ಲಿ, ಸೋತವರೆಲ್ಲ ಎದ್ದು ಹೋದ ಮೇಲೆ ಉಳಿದವರು ಕೂರುವ ಕೊನೆಯ ಮೇಜಿಗೆ ಒಮ್ಮೆ ತಲುಪಬೇಕು, ತನ್ನ ಲೆಕ್ಕ ಸರಿಯೋ ತಪ್ಪೋ ಅಲ್ಲಿ ಗೊತ್ತಾಗುತ್ತದೆ ಎಂಬುದು ಅವಳ ಆಸೆ.

ಆ ವರ್ಷದ ದೊಡ್ಡ ಟೂರ್ನಮೆಂಟಿನಲ್ಲಿ ಅವಳು ಕೊನೆಯ ಎರಡು ಮೇಜುಗಳವರೆಗೆ ಬಂದಳು. ಮಧ್ಯಾಹ್ನದ ಹೊತ್ತು. ನಾನೇ ಡೀಲರ್. ಎದುರಿಗೆ ಟೋಪಿ ತಿರುಗಿಸಿ ಹಾಕಿಕೊಂಡ ಒಬ್ಬ ನಡುವಯಸ್ಸಿನವನು. ಅವನು ತನ್ನದೆಲ್ಲವನ್ನೂ ಮುಂದಕ್ಕೆ ತಳ್ಳಿದ. ಅವಳು ಒಪ್ಪಿ ಆಡಬೇಕು, ಇಲ್ಲವೇ ಎಲೆ ಬಿಟ್ಟುಕೊಡಬೇಕು. ಅವಳು ಯೋಚಿಸುತ್ತಿದ್ದಾಗ ಅವನು ಶುರುಮಾಡಿದ. "ಬಾಯ್‌ಫ್ರೆಂಡ್‌ಗೆ ಫೋನ್ ಮಾಡಿ ಕೇಳ್ತೀಯಾ ಸ್ವೀಟ್‌ಹಾರ್ಟ್?" ಎಂದ. "ಅಳಬೇಡ, ಮೇಕಪ್ ಹಾಳಾಗುತ್ತೆ" ಎಂದ. ಆಮೇಲೆ ಅವಳ ಮೈ ಬಗ್ಗೆ ಒಂದು ಮಾತು ಹೇಳಿದ, ಅದನ್ನು ಇಲ್ಲಿ ಬರೆಯುವುದಿಲ್ಲ. ಮೇಜಿನ ಸುತ್ತ ಇಬ್ಬರು ನಕ್ಕರು. ಅವಳ ಕಣ್ಣಂಚು ಒದ್ದೆಯಾಯಿತು. ಎಲೆಗಳ ಮೇಲಿದ್ದ ಅವಳ ಬೆರಳು ಬಿಗಿಯಾಯಿತು.

ನನಗೆ ಸಂಕಟವಾಯಿತು. ಊರಿನಲ್ಲಿ ನನ್ನ ತಂಗಿಯರು ಅತ್ತಾಗ, ಶಾಲೆಯಲ್ಲಿ ಹುಡುಗಿಯರು ಮುನಿಸಿಕೊಂಡಾಗ, ಇಲ್ಲಿ ನನಗೇ ಬೇಜಾರಾದಾಗ ಏನನ್ನುತ್ತಿದ್ದೆನೋ ಅದೇ ಮಾತು ಬಾಯಿಂದ ಜಾರಿತು.

"ಹೋಗ್ಲಿ ಬಿಡವಾ."

ಅನಘಾ ನನ್ನನ್ನೇ ನೋಡಿದಳು. ಮರುಕ್ಷಣ ಬೆರಳು ಸಡಿಲಿಸಿ, ಎರಡೂ ಎಲೆಗಳನ್ನು ಮುಂದಕ್ಕೆ ಸರಿಸಿದಳು. ವರ್ಷಗಳ ಅಭ್ಯಾಸ, ನನ್ನ ಕೈ ತಾನಾಗಿ ಅವುಗಳನ್ನು ಎಳೆದುಕೊಂಡಿತು. ಟೋಪಿಯವನು ತನ್ನ ಎಲೆ ತಿರುಗಿಸಿ ತೋರಿಸಿದ. ಅವನಲ್ಲಿ ಏನೂ ಇರಲಿಲ್ಲ. ಅನಘಾ ಬಿಳಿಚಿಕೊಂಡು ನನ್ನ ಕಡೆ ತಿರುಗಿದಳು.

"ಆಂಟಿ, ಯೂ ಟೋಲ್ಡ್ ಮಿ ಟು."

ಎಂಟು ಜನ ನನ್ನನ್ನು ನೋಡಿದರು. ಅವಳಿಗೆ ನಾನು ಸಮಾಧಾನ ಹೇಳಿದ್ದೆ, ಅವಳಿಗೆ ಎಲೆ ಬಿಟ್ಟುಬಿಡು ಎಂದು ಕೇಳಿಸಿತ್ತು. ಅಲ್ಲಿ ಬೇರೆ ಯಾರಿಗೂ ಕನ್ನಡ ಬರುತ್ತಿರಲಿಲ್ಲ. ಸೀನಿದೆ ಎಂದು ಹೇಳಿದ್ದರೂ ನಡೆಯುತ್ತಿತ್ತು. ಡೀಲರ್ ಆಟಗಾರ್ತಿಗೆ ಸಲಹೆ ಕೊಟ್ಟಳು ಎಂದಾದರೆ ನನ್ನ ಲೈಸೆನ್ಸ್ ಹೋಗಬಹುದಿತ್ತು, ಅವಳ ಹೆಸರಿಗೂ ಮಸಿ ಹತ್ತುತ್ತಿತ್ತು. ನಾನು ಕೈಯೆತ್ತಿ ಫ್ಲೋರ್ ಎಂದು ಕೂಗಿದೆ. ಅಷ್ಟು ವರ್ಷದಲ್ಲಿ ನನ್ನ ಮೇಲೆ ನಾನೇ ಕೊಟ್ಟ ದೂರು ಅದೊಂದೇ.

ರೇ ತೀರ್ಪು ಕೊಟ್ಟರು. ಸರಿಸಿದ ಎಲೆ ಸತ್ತಂತೆ, ಅದು ಮರಳುವುದಿಲ್ಲ. ಅವಳು ಉಳಿದ ಚಿಪ್ಸ್ ಇಟ್ಟುಕೊಂಡು ಇನ್ನು ಹತ್ತು ನಿಮಿಷ ಆಡಿ ಹೊರಗೆ ಹೋದಳು. ಆಡುವ ಮನಸ್ಸೇ ಇರಲಿಲ್ಲ ಎಂದು ನೋಡಿದವರು ಹೇಳಿದರು. ನಾನಾಗ ಹಿಂದಿನ ಕೋಣೆಯಲ್ಲಿ ರೇ ಎದುರು ಕುಳಿತಿದ್ದೆ. ಅವರ ಮುಂದೆ ಒಂದು ಫಾರ್ಮ್ ಇತ್ತು.

"ಆ ಪದ ಏನು?"

"ಬಿಡು."

"ಅರ್ಥ ಏನು? ಒಂದೇ ಸಾಲಿನ ಜಾಗ ಇದೆ."

ನಾನು ಯೋಚಿಸಿದೆ. ಬಸ್ಸು ಬಿಟ್ಟಿತು ಎಂದರೆ ಹೊರಟಿತು. ಸಿಗರೇಟು ಬಿಟ್ಟ ಎಂದರೆ ನಿಲ್ಲಿಸಿದ. ಕೈ ಬಿಡು ಎಂದರೆ ಹಿಡಿತ ಸಡಿಲಿಸು. ಹೋಗಲಿ ಬಿಡು ಎಂದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡ. ಇದನ್ನೆಲ್ಲ ಹೇಳಿದೆ. ರೇ ಹಲ್ಲುಕಡ್ಡಿಯನ್ನು ಬಾಯಿಂದ ತೆಗೆದು ಮೇಜಿನ ಮೇಲಿಟ್ಟರು.

"ನೀನು ಹೇಳಿದ್ದು ಯಾವ ಅರ್ಥದಲ್ಲಿ?"

"ಮನಸ್ಸಿಗೆ ಹಚ್ಚಿಕೊಳ್ಳಬೇಡ ಅಂತ."

"ಏನನ್ನ?"

"ಅವನು ಅಂದಿದ್ದನ್ನ."

"ಅವನು ಏನಂದ?"

ಫಾರ್ಮಿನಲ್ಲಿ ಬರೆಯಬೇಕಿತ್ತು, ಹಾಗಾಗಿ ಹೇಳಿದೆ. ಮೂರೂ ಮಾತು, ಇದ್ದದ್ದು ಇದ್ದ ಹಾಗೆ. ರೇ ಒಂದೊಂದೇ ಅಕ್ಷರ ಬರೆದರು. ಮೂರನೆಯದಕ್ಕೆ ಬಂದಾಗ ಪೆನ್ನು ನಿಂತಿತು.

"ಇಂಥದ್ದು ಎಷ್ಟು ಸಲ ಕೇಳಿದೀಯಾ?"

"ದಿನಾ."

"ಯಾಕೆ ಹೇಳಲಿಲ್ಲ?"

"ಹೇಳಿದ್ದೆ. ಕಾರ್ಡ್ ಹರಿದಿದೆಯಾ ಅಂತ ಕೇಳಿದಿರಿ."

ನನಗೆ ನನ್ನ ಮೇಲೂ ಸಿಟ್ಟು ಬಂದಿತ್ತು. ಅವರು ಒಂದು ಸಲ ಕೇಳಿದ್ದರು, ಅದನ್ನು ಹಿಡಿದುಕೊಂಡು ಅಷ್ಟು ವರ್ಷ ಕಿವಿ ಮುಚ್ಚಿಕೊಂಡವಳು ನಾನೇ. ಕೊನೆಗೆ ಅವರು, "ನಿನ್ನ ತಪ್ಪು ನಿನ್ನದು, ಗಿರಿಜಾ. ಮೂರು ವಾರ ಮನೆಯಲ್ಲಿರು" ಎಂದು ಆ ಫಾರ್ಮಿಗೆ ಸಹಿ ಮಾಡಿದರು. ಆಮೇಲೆ ಡ್ರಾಯರಿನಿಂದ ಇನ್ನೊಂದು ಖಾಲಿ ಫಾರ್ಮ್ ತೆಗೆದು, "ಇದು ಅವನದು" ಎಂದು ಟೋಪಿಯವನ ಹೆಸರು ಬರೆಯತೊಡಗಿದರು. ಆ ಎರಡನೆಯ ಫಾರ್ಮಿಗಾಗಿ ನಾನು ರೇ ಅವರನ್ನು ಇವತ್ತಿಗೂ ನೆನೆಯುತ್ತೇನೆ.

ಮನೆಯಲ್ಲಿದ್ದ ಎರಡನೆಯ ವಾರ ಅನಘಾ ಫೋನ್ ಮಾಡಿದಳು. ನಮ್ಮವರಲ್ಲಿ ಯಾರ ನಂಬರನ್ನಾದರೂ ಒಂದು ದಿನದಲ್ಲಿ ಪತ್ತೆಹಚ್ಚುತ್ತಾರೆ. ಹೋಬೋಕನ್‌ನಲ್ಲಿ ಭೇಟಿಯಾಗಿ ನದಿಯ ಪಕ್ಕದ ಬೆಂಚಿನ ಮೇಲೆ ಕುಳಿತೆವು, ಎದುರಿಗೆ ಫೆರಿ ದೋಣಿಗೆ ಜನರ ಸಾಲು ನಿಂತಿತ್ತು. ನಾನು ಮೊದಲೇ "ತಪ್ಪಾತವಾ" ಎಂದೆ.

"ಅಮ್ಮ ಬಿಡು ಅಂದ್ರೆ ಕೈಯಲ್ಲಿರೋದನ್ನ ಇಡ್ಬೇಕು ಆಂಟಿ. ಚಾಕು, ಐಪ್ಯಾಡ್, ತಂಗಿ ಕೂದಲು. ಮೈ ಹ್ಯಾಂಡ್ ಜಸ್ಟ್ ಓಪನ್ಡ್" ಎಂದಳು. ಒಂದು ಕ್ಷಣ ಇಬ್ಬರಿಗೂ ನಗು ಬಂತು. ಆಮೇಲೆ ಅವಳು ಗಂಭೀರವಾದಳು. "ಅದಕ್ಕೆ ಐಯಾಮ್ ನಾಟ್ ಮ್ಯಾಡ್. ನೀವು ಹೇಳಿದ್ದು ಅವನ ಮಾತನ್ನ ಬಿಡು ಅಂತ ತಾನೇ? ಯಾಕೆ ಬಿಡ್ಬೇಕು? ನನ್ನ ಕೋಚ್ ಇಗ್ನೋರ್ ಇಟ್ ಅಂತಾನೆ. ಫ್ರೆಂಡ್ಸ್ ಶೇಕ್ ಇಟ್ ಆಫ್ ಅಂತಾರೆ. ನೀವು ಅದನ್ನೇ ಕನ್ನಡದಲ್ಲಿ ಹೇಳಿದ್ರಿ."

ಫೆರಿ ಬಂತು, ಸಾಲು ಮುಂದೆ ಸರಿಯಿತು.

"ನಾನು ಇನ್ನು ಆಡಲ್ಲ ಆಂಟಿ. ಸೋತೆ ಅಂತಲ್ಲ. ನನ್ನ ಲೆಕ್ಕ ತಪ್ಪಿತ್ತಾ, ಅವನ ಮಾತಿಗೆ ಹೆದರಿದ್ನಾ, ನಿಮ್ಮ ಮಾತು ಕೇಳಿದ್ನಾ, ನನಗೇ ಗೊತ್ತಿಲ್ಲ. ನಾನು ಆಡಿದ್ದು ಯಾವುದು ಅಂತಾನೇ ಗೊತ್ತಿಲ್ಲ" ಎಂದಳು. ಅಷ್ಟು ಚೆನ್ನಾಗಿ ಆಡುವ ಹುಡುಗಿ ನನ್ನ ಬಾಯಿಂದಾಗಿ ಆಟ ನಿಲ್ಲಿಸುತ್ತಾಳಲ್ಲ ಎಂದು ವಾಪಸ್ ಡ್ರೈವ್ ಮಾಡುವಾಗ ದಾರಿಯುದ್ದಕ್ಕೂ ಅತ್ತೆ.

ಕೆಲಸಕ್ಕೆ ಮರಳಿದಾಗ ನಮ್ಮ ವಿರಾಮದ ಕೋಣೆಯ ಗೋಡೆಗೆ ಒಂದು ಹಾಳೆ ಅಂಟಿಸಿದ್ದರು. ಯಾರಾದರೂ ಆಟಗಾರ್ತಿಯನ್ನು ಹೆಣ್ಣೆಂಬ ಕಾರಣಕ್ಕೆ ಹೀಗಳೆದು ಮಾತಾಡಿದರೆ ಡೀಲರ್ ಆಟ ನಿಲ್ಲಿಸಿ ಫ್ಲೋರ್ ಕರೆಯಬೇಕು, ಆಟಗಾರ್ತಿ ದೂರು ಕೊಡಲಿ ಎಂದು ಕಾಯಬಾರದು. ಬರೆದವರು ರೇ ಎಂದು ಕಾಗುಣಿತದ ತಪ್ಪುಗಳಿಂದಲೇ ಗೊತ್ತಾಯಿತು. ಫೋಟೋ ತೆಗೆದು ಅನಘಾಗೆ ಕಳಿಸಿದೆ. ಅವಳು ಓದಿದಳು, ಉತ್ತರ ಬರೆಯಲಿಲ್ಲ.

ಏಳು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ನನ್ನ ಮೇಜಿನ ಖಾಲಿ ಕುರ್ಚಿಗೆ ಬ್ಯಾಗು ನೇತುಹಾಕಿದವಳು ಅವಳೇ. ಯಾರು ಎಲ್ಲಿ ಕೂರಬೇಕೆಂದು ಯಂತ್ರ ಚೀಟಿ ಕೊಡುತ್ತದೆ, ಅದು ನಮ್ಮಿಬ್ಬರ ಕೈಯಲ್ಲಿಲ್ಲ. ಅವಳು ತಲೆಯಾಡಿಸಿದಳು, ನಾನೂ ತಲೆಯಾಡಿಸಿದೆ. ಅಷ್ಟೇ ಮಾತು.

ಒಂದು ಗಂಟೆಯೊಳಗೆ ಮೂರನೆಯ ಕುರ್ಚಿಯವನೊಬ್ಬ ಅವಳಿಗೆ, "ಹನಿ, ಇಷ್ಟು ಚಿಪ್ಸ್ ಒಳಗೆ ಹಾಕೋ ಮುಂಚೆ ಮನೇಲಿ ಗಂಡನ್ನ ಕೇಳಿದೀಯಾ?" ಎಂದ. ಅವಳು ಎಲೆಗಳಿಂದ ಕಣ್ಣೆತ್ತಿ ನನ್ನನ್ನು ನೋಡಿದಳು. ನಾನು ಕಟ್ಟಿನ ಮೇಲೆ ಅಂಗೈ ಇಟ್ಟು ಆಟ ನಿಲ್ಲಿಸಿ ಫ್ಲೋರ್ ಎಂದು ಕೂಗಿದೆ. ಹಾಲಿನ ಆ ತುದಿಯವರೂ ತಿರುಗಿದರು. ರೇ ಓಡುತ್ತಲೇ ಬಂದರು, ಅವರು ಓಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಅವನು ಏನಂದ ಎಂದು ಕೇಳಿದರು, ಎಲ್ಲರೆದುರು ಹೇಳಿದೆ. ನಡೆಯುತ್ತಿದ್ದ ಆಟ ಮುಗಿದ ಮೇಲೆ ಒಂದು ಸುತ್ತು ಮುಗಿಯುವ ತನಕ ಮೇಜು ಬಿಟ್ಟು ಗೋಡೆಯ ಹತ್ತಿರ ನಿಂತಿರಬೇಕು ಎಂದು ಅವನಿಗೆ ತೀರ್ಪಾಯಿತು. ಅವನು ಜೋಕ್ ಮಾಡಿದೆ ಎಂದ. ರೇ ಗೋಡೆ ತೋರಿಸಿದರು. ಮುಂದಿನ ಎಲೆಗಳನ್ನು ನಾನು ಸ್ವಲ್ಪ ಸೊಟ್ಟಗೆ ಹಂಚಿದೆ.

ಅವಳು ಆ ದಿನ ಮಧ್ಯಾಹ್ನದವರೆಗೆ ಆಡಿದಳು. ಎದುರು ಕುಳಿತ ಮಿತಭಾಷಿ ಮುದುಕರೊಬ್ಬರು ತಮ್ಮದೆಲ್ಲವನ್ನೂ ಮುಂದಕ್ಕೆ ತಳ್ಳಿದರು. ಅವಳು ಯೋಚಿಸಿದಳು. ಯಾರೂ ಒಂದು ಮಾತೂ ಆಡಲಿಲ್ಲ. ಅವಳ ತುಟಿ ಸಣ್ಣಗೆ ಲೆಕ್ಕ ಹಾಕುತ್ತಿದ್ದುದು ನನಗೆ ಕಾಣುತ್ತಿತ್ತು, ಮನಸ್ಸಿನೊಳಗೆ ನಾನೂ ಅದೇ ಲೆಕ್ಕ ಹಾಕುತ್ತಿದ್ದೆ. ಅವಳು ಒಪ್ಪಿ ತನ್ನದೆಲ್ಲವನ್ನೂ ತಳ್ಳಿದಳು. ಮುದುಕರ ಎಲೆ ದೊಡ್ಡದಿತ್ತು.

ಅವಳು ಎದ್ದು ಅವರ ಕೈ ಕುಲುಕಿದಳು, ಬ್ಯಾಗನ್ನು ಹೆಗಲಿಗೇರಿಸಿದಳು. ಆ ಸಲದ ಆಟ ಮುಗಿದಿದ್ದರಿಂದ ಇನ್ನು ಕನ್ನಡಕ್ಕೆ ಅಡ್ಡಿ ಇರಲಿಲ್ಲ. ನನ್ನ ಹತ್ತಿರ ಬಗ್ಗಿ, ಮುಖ ತುಂಬ ನಗುತ್ತ ಹೇಳಿದಳು.

"ಲೆಕ್ಕ ತಪ್ಪಾಯ್ತು ಆಂಟಿ. ಈ ಸಲ ನಾನೇ ಸೋತೆ."